ಝರೀನಾ-ನಾಲ್ಕರ ಹಿಂದಿನ ಮುಚ್ಚಳ

ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರ ಬೀದಿಯಲ್ಲಿ ನಮ್ಮ ಶೆಡ್ಡು. ಅಪ್ಪ ಇದ್ದಾಗ ಅಲ್ಲಿ ಗಿಲಕಿ, ಬುಗುರಿ, ಚದುರಂಗದ ಕಾಯಿ ಆಗುತ್ತಿದ್ದವು. ಈಗ ಪುಟ್ಟ ಹಡಗುಗಳಾಗುತ್ತವೆ. ನಾನು ಕೆಹಕಶಾನ್. ಹನ್ನೊಂದು ವರ್ಷ ಹಾರೋಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಎಲೆಕ್ಟ್ರಾನಿಕ್ ಬೋರ್ಡುಗಳಿಗೆ ಸೋಲ್ಡರಿಂಗ್ ಮಾಡಿದವಳು. ದಿನಕ್ಕೆ ಎರಡು ಸಾವಿರ ಬೆಸುಗೆ, ಸಾಸಿವೆ ಕಾಳಿಗಿಂತ ಚಿಕ್ಕವು. ಆ ಕೆಲಸ ಮೆಷಿನ್ನಿಗೆ ಹೋದ ಮೇಲೆ ಮನೆಗೆ ಬಂದೆ. ಒಂದು ದಿನ ನಜೀರ್ ಚಾಚಾ, ಅಂದರೆ ಅಪ್ಪನ ತಮ್ಮ, ಬೇಜಾರಿಗೆ ಬೊಂಬೆಗೆ ಬಳಸುವ ಆಲೆ ಮರದಲ್ಲಿ ಒಂದು ದೋಣಿ ಕಡೆದಿಟ್ಟರು. ನಾನು ಅದಕ್ಕೆ ಹಿತ್ತಾಳೆ ತಂತಿಯಲ್ಲಿ ಕಟಕಟೆ ಬೆಸೆದೆ. ಹೈವೇ ಪಕ್ಕದ ಬೊಂಬೆ ಅಂಗಡಿಯಲ್ಲಿ ಅದನ್ನು ನೋಡಿದವರೊಬ್ಬರು ಇನ್ನೊಂದು ಬೇಕೆಂದರು. ಹಾಗೆ ಶುರುವಾಯಿತು. ಸಮುದ್ರ ನಾನು ನೋಡಿದ್ದು ಒಂದೇ ಸಲ, ಮಲ್ಪೆಯಲ್ಲಿ, ಅದೂ ಅರ್ಧ ಗಂಟೆ.

ನಯನಾ ಬಂದಿದ್ದು ಒಂದು ಭಾನುವಾರ. ಮೂವತ್ತರ ಒಳಗಿನ ಹೆಂಗಸು, ಎಣ್ಣೆ ಹಾಕಿ ಬಿಗಿಯಾಗಿ ಹೆಣೆದ ಜಡೆ, ಹೆಗಲಿಗೆ ಊಟದ ಬ್ಯಾಗು. ಮಾಗಡಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ, ಊರು ತಿಪ್ಪಸಂದ್ರ. ಮೂರು ಬಸ್ಸು ಹತ್ತಿ ಬಂದಿದ್ದಳು. ಕೂತವಳೇ ಮೊಬೈಲಿನಲ್ಲಿ ಒಂದು ಹಡಗಿನ ಫೋಟೋ ತೋರಿಸಿದಳು. ಚಿಕ್ಕ ಸರಕು ಹಡಗು. ಕೆಂಪು ಹೊಟ್ಟೆ, ತುಕ್ಕು ಇಳಿದ ಪಕ್ಕೆ, ಮೂತಿಯ ಮೇಲೆ ಇಂಗ್ಲಿಷಿನಲ್ಲಿ ಝರೀನಾ-ನಾಲ್ಕು ಎಂದು ಹೆಸರು.

"ಅಕ್ಕ, ಇದನ್ನ ಮಾಡ್ಕೊಡಕ್ಕಾಯ್ತದಾ?"

"ಆಯ್ತದೆ. ಯಾರಿಗೆ, ಗಿಫ್ಟಾ?"

"ನಮ್ಮನೆಯವ್ರು ಇದ್ರಲ್ಲಿದ್ರು," ಅಂದಳು.

ಅವಳ ಗಂಡ ಮುನೇಶ್. ರಾಮನಗರದಲ್ಲಿ ಐಟಿಐ ಓದಿ, ಯಾವುದೋ ಏಜೆಂಟನ ಮೂಲಕ ಆ ಹಡಗಿನ ಇಂಜಿನ್ ರೂಮಿನಲ್ಲಿ ಎಣ್ಣೆ ಹಾಕುವ, ಕೀಲು ಬಿಗಿ ಮಾಡುವ ಕೆಲಸಕ್ಕೆ ಸೇರಿದ್ದ. ಎರಡು ವರ್ಷದ ಹಿಂದೆ, ಆಗಸ್ಟ್ ತಿಂಗಳಲ್ಲಿ, ಗಲ್ಫಿನಿಂದ ಆಫ್ರಿಕಾ ಕಡೆ ಹೋಗುವಾಗ ಹಡಗು ಮುಳುಗಿತು. ಹಡಗಿನಲ್ಲಿದ್ದ ಹದಿಮೂರು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಇಬ್ಬರ ದೇಹ ಸಿಕ್ಕಿತು. ಮುನೇಶನದು ಸಿಗಲಿಲ್ಲ. ಆಮೇಲೆ ವಿಚಾರಣೆ ನಡೆಸಿದ ಕಚೇರಿಯಿಂದ ಒಂದು ಕಾಗದ ಬಂತು: ಕೆಟ್ಟ ಹವಾಮಾನ, ಹಡಗು ನಿಧಾನವಾಗಿ ಮುಳುಗಿದೆ, ಎಲ್ಲರಿಗೂ ಮೇಲೆ ಬರಲು ಸಾಕಷ್ಟು ಸಮಯವೂ ದಾರಿಯೂ ಇತ್ತು.

"ದಾರಿ ಇತ್ತು ಅಂತಾರೆ. ಇದ್ರೆ ಯಾಕೆ ಬರ್ನಿಲ್ಲ ಇವ್ರು?" ನಯನಾ ಕೇಳಿದಳು. "ನಿದ್ದೆಬಡುಕ್ರು ಅವ್ರು. ಅಲಾರಂ ಹೊಡ್ಕೊಂಡ್ರೂ ಏಳ್ತಿರ್ನಿಲ್ಲ. ಅದುಕ್ಕೇ ದಿನಾ ಬಯ್ತಿದ್ದೆ. ನಿದ್ದೆಯಾಗಿದ್ರೇನೋ ಅನ್ಕಂಡೇ ಎರಡು ವರ್ಷ ಆಯ್ತು ಅಕ್ಕ. ನಂಗೆ ಆ ದಾರಿ ನೋಡ್ಬೇಕು. ಮೇಲ್ಗಡೆ ಮಾತ್ರ ಅಲ್ಲ, ಒಳಗೂ ಮಾಡ್ಬೇಕು."

"ಡೆಕ್ಕು ಮುಚ್ಚಿದ ಮೇಲೆ ಒಳಗಿಂದು ಯಾರಿಗೂ ಕಾಣಲ್ಲಮ್ಮ."

"ಕಾಣದಿದ್ರೂ ಇರ್ಲಿ."

ಹಡಗು ಮಾಡುವವರು ಮರ ಮುಟ್ಟುವ ಮೊದಲು ಒಂದು ಪ್ರಶ್ನೆ ಕೇಳಬೇಕು: ಯಾವ ದಿನದ ಹಡಗು? ಹಡಗು ಮನೆಯ ಹಾಗೆ, ವರ್ಷವರ್ಷಕ್ಕೂ ಬದಲಾಗುತ್ತದೆ. ಒಂದು ಏಣಿ ಹೋಗಿರುತ್ತದೆ, ಒಂದು ಕಿಟಕಿಗೆ ತಗಡು ಬಿದ್ದಿರುತ್ತದೆ. ಕಟ್ಟಿದ ದಿನದ ನಕ್ಷೆಯನ್ನೂ ಹತ್ತು ವರ್ಷದ ಆಮೇಲಿನ ಫೋಟೋವನ್ನೂ ಬೆರೆಸಿದರೆ ಲೋಕದಲ್ಲಿ ಎಂದೂ ಇರದ ಹಡಗೊಂದು ಆಗಿಬಿಡುತ್ತದೆ. ನಾನು ಅದನ್ನು ಕೇಳಿದಾಗ ನಯನಾ ಯೋಚನೆ ಮಾಡಲಿಲ್ಲ.

"ಆಗಸ್ಟ್ ಒಂಬತ್ತು. ಕಡೇ ಫೋಟೋ ಬಂದಿದ್ದು ಅವತ್ತು."

ನಕ್ಷೆ ಇಂಟರ್ನೆಟ್ಟಿನಲ್ಲಿ ಸಿಕ್ಕಿತು. ಅದೇ ಅಚ್ಚಿನ ಇನ್ನೊಂದು ಹಡಗು ಮಾರಾಟಕ್ಕಿತ್ತು, ಅದರ ಕಾಗದಗಳೊಳಗೆ ಇತ್ತು. ಮುನೇಶ್ ಕಳಿಸಿದ ಫೋಟೋಗಳು ಅರವತ್ಮೂರು. ನಾನು ಎಲ್ಲವನ್ನೂ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದೆ. ಫೋಟೋದಲ್ಲಿ ಅಳತೆ ಹಿಡಿಯಲು ಅಳತೆ ಗೊತ್ತಿರುವ ಒಂದು ವಸ್ತು ಬೇಕು. ಇವುಗಳಲ್ಲಿ ಇನ್ನೂರು ಲೀಟರಿನ ಎಣ್ಣೆ ಡ್ರಮ್ಮು ಬೇಕಾದಷ್ಟಿದ್ದವು. ಡ್ರಮ್ಮು ಎಲ್ಲೇ ಹೋದರೂ ಒಂದೇ ಎತ್ತರ. ಅದನ್ನಿಟ್ಟುಕೊಂಡು ಬಾಗಿಲು, ಏಣಿ, ಕಟಕಟೆ ಎಲ್ಲವನ್ನೂ ಅಳೆದೆ. ನೂರರಲ್ಲಿ ಒಂದು ಪಾಲು ಅಂತ ಗೊತ್ತು ಮಾಡಿದೆವು. ಅರವತ್ತು ಮೀಟರಿನ ಹಡಗು ನನ್ನ ಮೇಜಿನ ಮೇಲೆ ಅರವತ್ತು ಸೆಂಟಿಮೀಟರ್.

ನಯನಾ ಪ್ರತಿ ಭಾನುವಾರ ಬರತೊಡಗಿದಳು. ಸುಮ್ಮನೆ ಕೂರುವವಳಲ್ಲ. ಅವಳಿಗೆ ಸೋಲ್ಡರಿಂಗ್ ಹೇಳಿಕೊಟ್ಟೆ. ಲ್ಯಾಬಿನಲ್ಲಿ ಸೂಜಿ ಹಿಡಿದ ಕೈ, ಅಲುಗುತ್ತಿರಲಿಲ್ಲ. ಆದರೂ ಎಲ್ಲರೂ ಮೊದಲು ಮಾಡುವ ತಪ್ಪನ್ನೇ ಮಾಡಿದಳು. ಬಿಸಿ ಸೋಲ್ಡರಿಂಗ್ ಐರನ್ನಿನ ಮೂತಿಗೆ ತವರದ ತಂತಿ ಹಚ್ಚಿ, ಕರಗಿದ್ದನ್ನು ಹಿತ್ತಾಳೆಯ ಮೇಲೆ ಬೆಣ್ಣೆ ಸವರಿದ ಹಾಗೆ ಸವರಿದಳು. ತಣ್ಣಗಾದ ಮೇಲೆ ಉಗುರಲ್ಲಿ ಎಬ್ಬಿಸಿದರೆ ಕಿತ್ತು ಬಂತು.

"ತವರಕ್ಕೆ ಕಾವು ಕೊಡಬೇಡ, ಹಿತ್ತಾಳೆಗೆ ಕೊಡು," ಅಂದೆ. "ಮೊದ್ಲು ಎಮರಿ ಕಾಗದದಲ್ಲಿ ಉಜ್ಜು, ಚಿನ್ನದ ಥರ ಹೊಳೀಬೇಕು. ಕೈಯಲ್ಲಿ ಮುಟ್ಟಬೇಡ, ಬೆವರು ಅಂಟಿದ್ರೂ ಹಿಡಿಯಲ್ಲ. ಒಸಿ ಈ ಫ್ಲಕ್ಸ್ ಪೇಸ್ಟ್ ಹಚ್ಚು. ಐರನ್ನನ್ನ ಎರಡು ತುಂಡಿಗೂ ತಾಗೋ ಹಂಗೆ ಹಿಡಿ, ಮನಸ್ಸಲ್ಲಿ ಮೂರು ಎಣಿಸು. ಆಮೇಲೆ ಆ ಕಡೆಯಿಂದ ತಂತಿ ಮುಟ್ಟಿಸು. ಹಿತ್ತಾಳೆನೇ ಅದನ್ನ ಒಳಕ್ಕೆ ಎಳ್ಕೊಳ್ತದೆ."

ಎಳೆದುಕೊಂಡಾಗ ಅವಳು ನಕ್ಕಳು. ನಾನು ಅವಳ ನಗು ಕಂಡಿದ್ದು ಅದೇ ಮೊದಲು.

"ಕೆಲಸ ಮುಗಿದ ಮೇಲೆ ನೀರಲ್ಲಿ ತೊಳಿ. ಫ್ಲಕ್ಸ್ ಉಳಿದ್ರೆ ತೇವ ಎಳ್ಕೊಂಡು ಹಸಿರು ಕಟ್ತದೆ. ಅದರ ಮೇಲೆ ಬಣ್ಣಾನೂ ನಿಲ್ಲಲ್ಲ."

ಹೆಚ್ಚು ಸಾಮಾನೂ ಬೇಕಿಲ್ಲ. ತೆಳು ಮೂತಿಯ ಐರನ್ನು, ಎರಡು ಚಿಮುಟ, ಸಣ್ಣ ಅರ, ಕೂದಲಷ್ಟು ತೆಳು ಬ್ಲೇಡಿನ ಅಕ್ಕಸಾಲಿ ಗರಗಸ, ಒದ್ದೆ ಸ್ಪಂಜು. ಇಂಜಿನ್ ರೂಮಿನ ಏಣಿಯನ್ನು ನಯನಾಳೇ ಬೆಸೆದಳು. ಇಪ್ಪತ್ತೆರಡು ಮೆಟ್ಟಿಲು, ಒಂದೊಂದೂ ಅಕ್ಕಿ ಕಾಳಿನುದ್ದ. ಅದಕ್ಕೆ ಕಪ್ಪು ಬಣ್ಣ ಹೊಡೆದಳು. ಒಡಲನ್ನು ಚಾಚಾ ಹಲಗೆಯ ಮೇಲೆ ಹಲಗೆ ಅಂಟಿಸಿ ಕಡೆದಿದ್ದರು. ಮೂರು ವರ್ಷ ಅಟ್ಟದ ಮೇಲೆ ಒಣಗಿದ ಆಲೆ ಮರ. ಇಂಜಿನ್ ರೂಮು ಇರುವ ಹಿಂಭಾಗವನ್ನು ಮಾತ್ರ ಟೊಳ್ಳು ಮಾಡಿದರು. ಮುಂದೆ ಪೂರಾ ಗಟ್ಟಿ ಮರ.

ಇಂಜಿನ್ ರೂಮಿನಿಂದ ಹೊರಬರಲು ಎರಡು ದಾರಿ. ಒಂದು, ಮೇಲಿನ ಕೋಣೆಗಳ ಒಳಗಿಂದ ಬರುವ ದೊಡ್ಡ ಮೆಟ್ಟಿಲು. ನೀರು ಮೊದಲು ನುಗ್ಗುವುದು ಅಲ್ಲಿಗೇ. ಇನ್ನೊಂದು, ತುರ್ತಿಗೆಂದೇ ಇರುವ ಕಿರಿದಾದ ಕೊಳವೆಯಂಥ ದಾರಿ. ಅದರಲ್ಲಿ ನೆಟ್ಟಗೆ ಈ ಏಣಿ, ತುದಿಯಲ್ಲಿ ಹಿಂದಿನ ಡೆಕ್ಕಿನ ಮೇಲೆ ತೆರೆಯುವ ಚೌಕದ ಮುಚ್ಚಳ. ಅಸಲು ಮುಚ್ಚಳ ಅರವತ್ತು ಸೆಂಟಿಮೀಟರ್, ನಮ್ಮದು ಆರು ಮಿಲಿಮೀಟರ್.

"ಇಲ್ಲಿ ಒಂದು ಮಿಲಿಮೀಟರ್ ಅಂದ್ರೆ ಅಲ್ಲಿ ಅರ್ಧ ಗೇಣು," ಎಂದು ನಯನಾಗೆ ಹೇಳಿದ್ದೆ. "ಒಂದು ಹೆಚ್ಚುಕಮ್ಮಿ ಆದ್ರೆ ಮನುಷ್ಯನ ಭುಜ ಹಿಡಿಸಲ್ಲ."

ಆ ಮುಚ್ಚಳ ಮಾಡಲು ಫೋಟೋ ಹುಡುಕಿದೆ. ಆಗಸ್ಟ್ ಒಂಬತ್ತರ ಫೋಟೋದಲ್ಲೇ ಇತ್ತು. ಮುನೇಶ್ ಹಿಂದಿನ ಡೆಕ್ಕಿನಲ್ಲಿ ಟೀ ಲೋಟ ಹಿಡಿದು ನಗುತ್ತಿದ್ದಾನೆ. ಬನಿಯನ್ನಿಗೆಲ್ಲ ಎಣ್ಣೆ. ಅವನ ಮೊಣಕಾಲಿನ ಹತ್ತಿರ ಮುಚ್ಚಳ. ಅದರ ಅಂಚಿನಲ್ಲಿ ನಾಲ್ಕು ಕಡೆ ಏನೋ ಉಬ್ಬು. ನಾನು ಭೂತಗನ್ನಡಿ ಹಿಡಿದು ನೋಡಿದೆ. ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದೆ. ಹನ್ನೊಂದು ವರ್ಷ ನಾನು ನೋಡಿದ್ದು ಅದನ್ನೇ. ಹಕ್ಕಿ ಹಿಕ್ಕೆಯ ಹಾಗೆ ಒರಟಾಗಿ ಎಳೆದ ಬೆಸುಗೆ, ಸುತ್ತ ಬಣ್ಣ ಸುಟ್ಟ ಗುರುತು. ನೀರು ಸೋರುತ್ತದೆಂದು ರಬ್ಬರು ಬದಲಿಸುವ ಬದಲು ಯಾರೋ ಮುಚ್ಚಳವನ್ನೇ ವೆಲ್ಡಿಂಗ್ ಮಾಡಿಬಿಟ್ಟಿದ್ದರು.

ಮುಂದಿನ ಭಾನುವಾರ ಹೇಗೆ ಹೇಳುವುದೆಂದು ತಿಳಿಯದೆ ಭೂತಗನ್ನಡಿಯನ್ನು ಅವಳ ಕೈಗೆ ಕೊಟ್ಟೆ. ಅವಳು ಬಹಳ ಹೊತ್ತು ನೋಡಿದಳು.

"ಇದು ಬೆಸುಗೆ," ಅಂದಳು. ಕಲಿಸಿದ್ದು ನಾನೇ.

"ಹೂಂ."

"ಅಂದ್ರೆ ತೆಗೆಯಕ್ಕಾಗಲ್ಲ."

"ಆಗಲ್ಲ."

ಅವಳು ಅಳಲಿಲ್ಲ. ಕುಡಿಯಲು ನೀರು ಕೇಳಿದಳು. ಚಾಚಾ ಮರ ಕಡೆಯುವ ಲೇತು ನಿಲ್ಲಿಸಿ ಹತ್ತಿರ ಬಂದು, "ಮಗಳೇ, ಬೇರೆ ದಿನ ಇಟ್ಕೊಳಾಣ. ಹೊಸಾ ಹಡಗಿದ್ದಾಗಿನ ದಿನ. ಮುಚ್ಚಳ ತೆಗೆಯೋ ಹಂಗಿರಲಿ," ಅಂದರು.

"ಬ್ಯಾಡ ಅಪ್ಪಾಜಿ. ಹೆಂಗಿತ್ತೋ ಹಂಗೇ ಮಾಡಿ," ಅಂದಳು ನಯನಾ.

ಹಿತ್ತಾಳೆಯ ಚೌಕಟ್ಟಿಗೆ ಹಿತ್ತಾಳೆಯ ಮುಚ್ಚಳ ಕೂರಿಸಿ ನಾಲ್ಕು ಕಡೆ ಬೆಸೆದಳು. ಹೊಳೆಯುವ ಒಳ್ಳೆಯ ಬೆಸುಗೆ. ಅದನ್ನು ಡೆಕ್ಕಿನ ಕಂಡಿಯಲ್ಲಿ ಅಂಟಿಲ್ಲದೆ ಸುಮ್ಮನೆ ಕೂರಿಸಿಟ್ಟು ಊಟ ಮಾಡಿ ಬಸ್ಸಿಗೆ ಹೋದಳು. ಸೋಮವಾರ ಬೆಳಿಗ್ಗೆ ಶೆಡ್ಡು ತೆಗೆದು ನೋಡಿದರೆ ಮುಚ್ಚಳ ಒಂದು ಪಕ್ಕಕ್ಕೆ ಎದ್ದಿತ್ತು. ಹೊಸಬಳು, ಕಾವು ಸಾಲದೆ ಹೋಗಿದೆ ಅಂದುಕೊಂಡು ನಾನೇ ಮತ್ತೆ ಉಜ್ಜಿ, ಫ್ಲಕ್ಸ್ ಹಚ್ಚಿ ಬೆಸೆದೆ. ಮುಚ್ಚಳವನ್ನು ಚಿಮುಟದಲ್ಲಿ ಹಿಡಿದು ಇಡೀ ಚೌಕಟ್ಟನ್ನು ಅಲ್ಲಾಡಿಸಿದೆ. ಗಟ್ಟಿಯಾಗಿತ್ತು. ಮಂಗಳವಾರ ಬಂದರೆ ತೆರೆದಿತ್ತು. ನಾಲ್ಕು ತವರದ ಹನಿಗಳು ಒಡೆದಿರಲಿಲ್ಲ, ಸೀಳಿರಲಿಲ್ಲ. ತವರ ಎಂದೂ ತಾಗಿಯೇ ಇಲ್ಲವೇನೋ ಅನ್ನುವಷ್ಟು ಹಿತ್ತಾಳೆ ಶುಭ್ರವಾಗಿತ್ತು.

ನನ್ನ ಬೆಸುಗೆ ಬಿಡುವುದಿಲ್ಲ. ಇದು ಜಂಬದ ಮಾತಲ್ಲ. ಫ್ಯಾಕ್ಟರಿಯಲ್ಲಿ ಬೋರ್ಡನ್ನು ಅಲುಗಿಸುವ ಮೆಷಿನ್ನಿಗೆ ಹಾಕಿ ಪರೀಕ್ಷೆ ಮಾಡುತ್ತಿದ್ದರು, ನನ್ನವು ವಾಪಸು ಬಂದದ್ದೇ ಕಡಿಮೆ. ಬೇರೆ ತಂತಿ ತಂದೆ. ಬೇರೆ ಫ್ಲಕ್ಸ್ ತಂದೆ. ಐರನ್ನನ್ನೇ ಬದಲಿಸಿದೆ. ಇನ್ನೂ ಎರಡು ಸಲ ಹಾಗೇ ಆಯಿತು.

"ಶೆಡ್ಡಿನ ಶೀಟಿನ ಕೆಳಗೆ ಬಿಸಿ ಜಾಸ್ತಿ. ಒಳಗಿನ ಗಾಳಿ ಉಬ್ಬಿ ನೂಕ್ತದೆ," ಅಂದರು ಚಾಚಾ.

"ಅಂಟೇ ಹಾಕಿಲ್ಲ ಚಾಚಾ. ಗಾಳಿ ಸುತ್ತಲಿಂದ ಹೋಗ್ತದಲ್ಲ."

ಅವರು ಲೇತಿನ ಕಡೆ ತಿರುಗಿದರು.

ಕೊನೆಗೆ ಅಕ್ಕಸಾಲಿ ಪ್ರಕಾಶನ ಅಂಗಡಿಗೆ ತೆಗೆದುಕೊಂಡು ಹೋದೆ. ಅವನು ಬಿಳಿಗಾರ ಅರೆದು ಹಚ್ಚಿ, ಬೆಳ್ಳಿ ಬೆಸುಗೆಯ ತುಣುಕಿಟ್ಟು, ಹಿತ್ತಾಳೆ ಕೆಂಪಾಗುವವರೆಗೆ ಊದಿದ. ಬೆಳ್ಳಿ ಹರಿದು ಸಂದಿಗೆ ಇಳಿಯಿತು.

"ಇನ್ನು ಹಿತ್ತಾಳೆ ಹರಿದ್ರೂ ಇದು ಬಿಡಲ್ಲ ಅಕ್ಕ," ಅಂದ.

ಮುಂದಿನ ವಾರ ಮಂಗಳವಾರ ಎಪಾಕ್ಸಿ ಅಂಟು ಹಾಕಿ ಅದನ್ನು ಡೆಕ್ಕಿಗೆ ಕೂರಿಸಿದೆ. ಡೆಕ್ಕನ್ನು ಒಡಲಿಗೆ ಅಂಟಿಸಿದೆ. ಬುಧವಾರ ನೋಡಿದೆ, ಮುಚ್ಚಿತ್ತು. ಗುರುವಾರವೂ ಮುಚ್ಚಿತ್ತು. ನಯನಾಗೆ ಫೋನ್ ಮಾಡಿ, ಮುಗಿಯಿತು, ಬಣ್ಣ ಒಂದು ಬಾಕಿ ಅಂದೆ. ಭಾನುವಾರದವರೆಗೆ ತಾಳಲಾರದೆ ಅವಳು ರಜೆ ಹಾಕಿ ಶುಕ್ರವಾರವೇ ಬಂದುಬಿಟ್ಟಳು.

ಶುಕ್ರವಾರ ಮಧ್ಯಾಹ್ನ ನಮ್ಮ ಬೀದಿ ಹೇಗಿರುತ್ತದೆಂದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ನಲವತ್ತು ಲೇತುಗಳು ಓಡುತ್ತಿರುತ್ತವೆ. ಆ ಸದ್ದಿನಲ್ಲೇ ಮಾತಾಡಿ ನಮ್ಮೆಲ್ಲರ ಗಂಟಲೂ ದೊಡ್ಡದು. ಜುಮ್ಮಾ ನಮಾಜಿಗೆ ಗಂಡಸರು ಹೊರಟಾಗ ಒಂದೊಂದೇ ಮೋಟಾರು ನಿಲ್ಲುತ್ತಾ ಬಂದು, ಒಂದು ಗಂಟೆ ಹೊತ್ತಿಗೆ ಇಡೀ ಬೀದಿ ನಿಶ್ಶಬ್ದವಾಗುತ್ತದೆ. ವಾರದಲ್ಲಿ ಹಗಲು ಹೊತ್ತು ಹಾಗಾಗುವುದು ಅದೊಂದೇ ಸಲ.

ಚಾಚಾ ಟೋಪಿ ಹಾಕಿಕೊಂಡು ಹೋದರು. ನಾನು, ನಯನಾ ಮೇಜಿನ ಮುಂದೆ ಕೂತು ಡಬ್ಬಿ ಬಿಚ್ಚಿದೆವು. ಅವಳು ಅವರೆಕಾಳಿನ ಉಪ್ಪಿಟ್ಟು ತಂದಿದ್ದಳು. ಹೊರಗೆ ಬಿಸಿಲು, ಬೀದಿಯಲ್ಲಿ ಒಂದು ನಾಯಿ ಮಲಗಿತ್ತು. ನಾನು ಮೊದಲ ತುತ್ತು ಎತ್ತಿದ್ದೆ.

ಟಕ್.

ತಗಡಿನ ಡಬ್ಬಿಯಲ್ಲಿ ಕಡಲೆ ಬಿದ್ದ ಹಾಗೆ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಸ್ವಲ್ಪ ಹೊತ್ತು ಏನಿಲ್ಲ. ಆಮೇಲೆ ಟಕ್ ಟಕ್ ಟಕ್, ನಿಂತು, ಮತ್ತೆ ಟಕ್ ಟಕ್ ಟಕ್. ಹಡಗಿನೊಳಗಿಂದ.

ನಾನು ಬಗ್ಗಿ ಮುಚ್ಚಳ ನೋಡಿದೆ. ಬೆಳ್ಳಿ ಬೆಸುಗೆ ಬಿಟ್ಟಿರಲಿಲ್ಲ. ಆದರೆ ಮುಚ್ಚಳದ ತಗಡು ಪೂರಿಯ ಹಾಗೆ ಉಬ್ಬಿತ್ತು, ಒಳಗಿನಿಂದ ಹೊರಕ್ಕೆ. ನೋಡುತ್ತಿದ್ದಂತೆ ಅದು ಸಣ್ಣಗೆ ಅದುರಿತು. ಈ ಸದ್ದು ಬುಧವಾರವೂ ಇತ್ತೇ? ಗುರುವಾರ ನಾನು ಪಕ್ಕದಲ್ಲೇ ಕೂತು ಕಟಕಟೆಗೆ ಅರ ಹಾಕುತ್ತಿದ್ದಾಗಲೂ ಇತ್ತೇ? ಲೇತುಗಳ ಗದ್ದಲದಲ್ಲಿ ನನಗೆ ಕೇಳದೆ ಹೋಯಿತೇ?

ನಯನಾ ಹೆದರಲಿಲ್ಲ. ಕೈ ತೊಳೆದಳು. ಸೆರಗಿನಲ್ಲಿ ಒರೆಸಿಕೊಂಡು, ಹಡಗಿನ ಹಿಂಭಾಗಕ್ಕೆ ಕಿವಿಯಿಟ್ಟು ಕಣ್ಣು ಮುಚ್ಚಿದಳು.

"ಒಬ್ಬರಲ್ಲ ಕಣಕ್ಕ," ಅಂದಳು.

ಮೇಜಿನ ಮೇಲಿದ್ದ ಚಿಮುಟ ತೆಗೆದುಕೊಂಡು ಒಡಲಿನ ಮೇಲೆ ಎರಡು ಸಲ ಕುಟ್ಟಿದಳು. ಒಳಗಿನ ಸದ್ದು ನಿಂತಿತು. ಆಮೇಲೆ ಎರಡು ಸಲ ಬಂತು. ಅವಳು ಒಂದು ಸಲ ಕುಟ್ಟಿದಳು. ಒಂದು ಬಂತು.

"ಎದ್ದವ್ರೆ," ಅಂದಳು ನಯನಾ. "ನಿದ್ದೆ ಮಾಡ್ತಿಲ್ಲ ಅಕ್ಕ. ಎದ್ದೇ ಅವ್ರೆ. ತೆಗಿ. ತೆಗೆದ್ಬುಡು."

ಬೆಳ್ಳಿ ಬೆಸುಗೆ ಕರಗಿಸಬೇಕಾದರೆ ಬೆಂಕಿ ಊದಬೇಕು, ಊದಿದರೆ ಮರ ಸುಟ್ಟುಹೋಗುತ್ತದೆ. ಕುಯ್ಯುವುದೊಂದೇ ದಾರಿ. ಅಕ್ಕಸಾಲಿ ಗರಗಸಕ್ಕೆ ಬ್ಲೇಡು ಹಾಕಿದೆ. ಒಂದು ಮೂಲೆಗೆ ಸಣ್ಣ ತೂತು ಕೊರೆದು ಬ್ಲೇಡು ತೂರಿಸಿದೆ. ಆ ಬ್ಲೇಡನ್ನು ಅವಸರಿಸಬಾರದು, ಮೇಣ ಸವರಿ, ತನ್ನ ಪಾಡಿಗೆ ಓಡಲು ಬಿಡಬೇಕು. ನಾನು ಎಷ್ಟೋ ಜನಕ್ಕೆ ಹೇಳಿಕೊಟ್ಟ ಮಾತು. ಅವತ್ತು ಅವಸರಿಸಿದೆ. ಎರಡು ಬ್ಲೇಡು ಮುರಿದವು. ಒಳಗಿನ ಸದ್ದು ಜೋರಾಗುತ್ತಿತ್ತು. ಈಗ ಒಂದು ಲಯವಿರಲಿಲ್ಲ, ಒಬ್ಬರ ಮೇಲೊಬ್ಬರು ಬಿದ್ದು ಬಡಿಯುವ ಹಾಗಿತ್ತು. ನಯನಾ ಒಡಲನ್ನು ಎರಡೂ ಕೈಯಲ್ಲಿ ಹಿಡಿದು, "ಬಂದೋ, ಬಂದೋ, ಒಸಿ ತಡೀರಿ," ಅನ್ನುತ್ತಿದ್ದಳು.

ಮೂರನೆಯ ಪಕ್ಕ ಮುಗಿದು ನಾಲ್ಕನೆಯದು ಅರ್ಧ ಆಗಿತ್ತು. ಮುಚ್ಚಳ ತಾನೇ ಮೇಲೆದ್ದು, ಒಡೆದು, ಮೇಜಿನ ಆಚೆ ಹೋಗಿ ಬಿತ್ತು. ಕಂಡಿಯಿಂದ ತಣ್ಣನೆಯ ಉಸಿರು ನನ್ನ ಮುಖಕ್ಕೆ ಬಡಿಯಿತು. ಡೀಸೆಲ್ ವಾಸನೆ, ಅದರ ಜೊತೆ ಒದ್ದೆ ಬಟ್ಟೆಯ ವಾಸನೆ. ಅಷ್ಟೇ. ಸದ್ದು ನಿಂತುಹೋಯಿತು.

ಬೀದಿಯ ಆ ತುದಿಯಲ್ಲಿ ಒಂದು ಲೇತು ಶುರುವಾಯಿತು, ಆಮೇಲೆ ಇನ್ನೊಂದು. ಚಾಚಾ ಬಂದಾಗ ನಾವಿಬ್ಬರೂ ಅಲ್ಲೇ ಕೂತಿದ್ದೆವು. ಉಪ್ಪಿಟ್ಟಿಗೆ ಇರುವೆ ಹತ್ತಿತ್ತು. ನಾನು ಎಲ್ಲ ಹೇಳಿದೆ. ಅವರು ಮೊದಲು ನಂಬಲಿಲ್ಲ. ಟಾರ್ಚು ಹಾಕಿ ಕಂಡಿಯೊಳಗೆ ಒಂದೇ ಕಣ್ಣಿಟ್ಟು ನೋಡಿದರು.

"ಏಣಿಗೆ ಬಣ್ಣ ಹೊಡೆದಿರಲಿಲ್ವಾ?"

"ಹೊಡೆದಿದ್ದೆ ಅಪ್ಪಾಜಿ. ಎರಡು ಸಲ," ಅಂದಳು ನಯನಾ.

ನಾನು ಟಾರ್ಚು ತೆಗೆದುಕೊಂಡು ನೋಡಿದೆ. ಏಣಿಯ ಎರಡೂ ಪಕ್ಕದ ಕಂಬಿಗಳು ಕಪ್ಪಾಗಿಯೇ ಇದ್ದವು. ಮೆಟ್ಟಿಲುಗಳ ನಡುವೆ ಮಾತ್ರ ಬಣ್ಣ ಸವೆದು ಹಿತ್ತಾಳೆ ಹೊಳೆಯುತ್ತಿತ್ತು. ಕೆಳಗಿನಿಂದ ಮೇಲಿನವರೆಗೆ, ಇಪ್ಪತ್ತೆರಡೂ.

"ಫ್ಲಕ್ಸ್ ಸರಿಯಾಗಿ ತೊಳೆದಿರಲಿಲ್ಲ, ಅದಕ್ಕೇ," ಅಂದರು ಚಾಚಾ. ಹೇಳಿ, ಅವತ್ತು ಮತ್ತೆ ಲೇತಿನ ಹತ್ತಿರ ಹೋಗಲಿಲ್ಲ. ಹೊರಗೆ ಜಗುಲಿಯ ಮೇಲೆ ತಸ್ಬಿಯ ಮಣಿಸರ ಹಿಡಿದು ಕೂತುಬಿಟ್ಟರು.

ನಯನಾ ಆ ಫೋಟೋವನ್ನು ದೊಡ್ಡದು ಮಾಡಿಸಿದಳು. ನಾನು ಮುಚ್ಚಳದ ಅಳತೆಯ ಚಿತ್ರ ಬರೆದು, ಎಲ್ಲೆಲ್ಲಿ ಬೆಸುಗೆ ಇದೆಯೆಂದು ಗುರುತು ಹಾಕಿಕೊಟ್ಟೆ. ಕಾಗದ ಬರೆದಿದ್ದ ಕಚೇರಿಗೆ ಎರಡನ್ನೂ ಕಳಿಸಿದಳು. ಉತ್ತರ ಬರಲಿಲ್ಲ. ಸತ್ತವರ ಮನೆಗಳ ವಿಳಾಸ ಒಂದೊಂದಾಗಿ ಹುಡುಕಿ ಎಲ್ಲರಿಂದಲೂ ಸಹಿ ಹಾಕಿಸಿ ಮತ್ತೆ ಕಳಿಸಿದಳು. ಏಳು ತಿಂಗಳಾದ ಮೇಲೆ ಎರಡು ಸಾಲಿನ ತಿದ್ದುಪಡಿ ಬಂತು: ತುರ್ತು ದಾರಿಯ ಮುಚ್ಚಳವನ್ನು ಬೆಸೆಯಲಾಗಿತ್ತು ಎಂದು ಕಾಣುತ್ತದೆ, ಇಂಜಿನ್ ಕೋಣೆಯವರಿಗೆ ಹೊರಬರಲು ದಾರಿ ಇರಲಿಲ್ಲ. ಹಡಗಿನ ಮಾಲೀಕ ಯಾವ ದೇಶದಲ್ಲಿದ್ದಾನೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಆದರೆ ಆ ಕಾಗದ ಓದಿದ ದಿನ ತಾನು ಒಂಬತ್ತು ಗಂಟೆಗೇ ಮಲಗಿ ಬೆಳಗಿನವರೆಗೂ ಎಚ್ಚರವಾಗದೆ ನಿದ್ದೆ ಮಾಡಿದೆನೆಂದು ನಯನಾ ಫೋನಿನಲ್ಲಿ ಹೇಳಿದಳು. ಹೇಳಿ ನಾಚಿಕೊಂಡಳು.

ಹಡಗು ನಮ್ಮ ಶೆಡ್ಡಿನಲ್ಲೇ ಉಳಿದಿತ್ತು. ಗಾಜಿನ ಪೆಟ್ಟಿಗೆ ಮಾಡಿಸಿದ ಮೇಲೆ ಒಯ್ಯುತ್ತೇನೆ ಅಂದಿದ್ದಳು. ಅಷ್ಟರಲ್ಲಿ ಆ ಸಹಿಗಳ ಪಟ್ಟಿಯಿಂದ ಒಬ್ಬರು ಬಂದರು.

ಆಂಧ್ರದ ಕರಾವಳಿಯ ಹಿರಿಯರು. ಮೀನುಗಾರರು. ಹರೆಯದಲ್ಲಿ ಮಲ್ಪೆಯ ದೋಣಿಗಳಲ್ಲಿ ದುಡಿದಿದ್ದರಿಂದ ಒಂದಷ್ಟು ಕನ್ನಡ ಬರುತ್ತಿತ್ತು. ಅವರ ಮಗನೂ ಝರೀನಾದಲ್ಲಿದ್ದ. ರೈಲಿಳಿದು ನಯನಾಳ ಜೊತೆ ನೇರ ಶೆಡ್ಡಿಗೇ ಬಂದಿದ್ದರು. ನಯನಾ ಅವರಿಗೆ ಶುಕ್ರವಾರದ ವಿಷಯವನ್ನೂ ಹೇಳಿಬಿಟ್ಟಿದ್ದಳೆಂದು ಆಮೇಲೆ ತಿಳಿಯಿತು.

ಚಾಚಾ ಅವರಿಗೆ ಸ್ಟೂಲು ಕೊಟ್ಟರು. ಅವರು ಕೂರಲಿಲ್ಲ. ಹಡಗಿನ ಸುತ್ತ ಒಂದು ಸಲ ನಡೆದರು. ಹಗ್ಗ ಕಟ್ಟುವ ಗೂಟಗಳನ್ನು ನೋಡಿ ತಲೆಯಾಡಿಸಿದರು. "ಸರಿ ಇದೆ," ಅಂದರು. ನಾನು ಹಿಂದಿನ ಕಂಡಿ ತೋರಿಸಿದೆ. ಅವರು ಬೇಡವೆಂದು ಕೈ ಮಾಡಿದರು.

"ನನ್ ಮಗ ಇಂಜಿನ್ ಅಲ್ಲ. ಹಗ್ಗ, ಲಂಗರು, ಅದರ ಕೆಲಸ."

"ಮತ್ತೆ ಮಲಗ್ತಿದ್ದಿದ್ದು ಎಲ್ಲಿ?" ಅಂದೆ.

ಅವರು ಮುಂದಕ್ಕೆ ಹೋಗಿ ಹಡಗಿನ ಮೂತಿಯ ಹತ್ತಿರ ಬಗ್ಗಿ ಕಿವಿಯಿಟ್ಟರು. ಅಲ್ಲಿ ಟೊಳ್ಳೇ ಇಲ್ಲ, ಪೂರಾ ಮರ ಎಂದು ಹೇಳಲು ನಾನು ಬಾಯಿ ತೆರೆದೆ. ಅವರ ಮುಖ ನೋಡಿ ಮುಚ್ಚಿದೆ. ಚಾಚಾ ಎದ್ದು ಲೇತಿನ ಸ್ವಿಚ್ಚು ಆರಿಸಿದರು. ಅಕ್ಕಪಕ್ಕದ ಶೆಡ್ಡುಗಳ ಸದ್ದು ಇದ್ದೇ ಇತ್ತು, ನಮಗೆ ಏನೂ ಕೇಳುವಂತಿರಲಿಲ್ಲ. ಹಿರಿಯರು ಹಾಗೇ ನಿಂತಿದ್ದರು. ಐದು ನಿಮಿಷ, ಹತ್ತು ನಿಮಿಷ. ಆಮೇಲೆ ಮೂತಿಯ ಬಲ ಪಕ್ಕದಲ್ಲಿ ಒಂದು ಜಾಗಕ್ಕೆ ಬೆರಳಿಟ್ಟರು.

"ಇಲ್ಲಿ," ಅಂದರು. "ಇಲ್ಲಿ ಬಾಗಿಲು ಎಲ್ಲಮ್ಮ?"

"ಇಲ್ಲ, ತಾತ. ಇಲ್ಲಿ ಬಾಗಿಲಿಲ್ಲ."

"ಮಾಡಿ."

ನಾನು ನಯನಾಳ ಮುಖ ನೋಡಿದೆ. ಹತ್ತು ತಿಂಗಳು ಕೂತು ಕೂದಲೆಳೆಯಷ್ಟೂ ತಪ್ಪದ ಹಾಗೆ ಮಾಡಿದ ಹಡಗು. ನಕ್ಷೆಯಲ್ಲಿ ಆ ಜಾಗದಲ್ಲಿ ಏನೂ ಇರಲಿಲ್ಲ, ಯಾವ ಫೋಟೋದಲ್ಲೂ ಇರಲಿಲ್ಲ. ಹಡಗು ಅವಳದು.

"ಮಾಡ್ಬುಡು ಅಕ್ಕ," ಅಂದಳು.

ನನ್ನ ಕೈ ಆಡಲಿಲ್ಲ. ಚಾಚಾ ನನ್ನನ್ನು ಪಕ್ಕಕ್ಕೆ ಸರಿಸಿ, ಕೊರೆಯುವ ಕೈಮೆಷಿನ್ನಿಗೆ ಹೆಬ್ಬೆರಳು ಗಾತ್ರದ ಡ್ರಿಲ್ ಬಿಟ್ಟು ಹಾಕಿ, ಬಿಸ್ಮಿಲ್ಲಾ ಅಂದು ಒತ್ತಿದರು. ಕೆಂಪು ಬಣ್ಣ ಸುಲಿದು ಬಂತು. ಅದರ ಹಿಂದೆ ಆಲೆ ಮರದ ಬಿಳಿ ಹಿಟ್ಟು, ಒಣಗಿದ್ದು, ಗಾಳಿಗೆ ಹಾರುವಂಥದ್ದು. ಎರಡು ಬೆರಳು ಆಳ ಹೋಯಿತು. ಆಮೇಲೆ ಮೆಷಿನ್ನಿನ ಸದ್ದು ಬದಲಾಯಿತು. ಬಿಟ್ಟಿನ ಸುತ್ತ ಬರುತ್ತಿದ್ದ ಹಿಟ್ಟು ಹಾರದೆ ಮುದ್ದೆಮುದ್ದೆಯಾಗಿ ಮೇಜಿನ ಮೇಲೆ ಬೀಳತೊಡಗಿತು. ಚಾಚಾ ಮೆಷಿನ್ನು ನಿಲ್ಲಿಸಿ ಹಿಂದಕ್ಕೆ ಸರಿದರು.

ಒದ್ದೆಯಾಗಿತ್ತು. ಮೂರು ವರ್ಷ ಅಟ್ಟದಲ್ಲಿ ಒಣಗಿದ ಮರದ ನಡುವಿನಿಂದ ನೀರು ಒಂದು ಹನಿ ಇಳಿದು, ಕೆಂಪು ಹೊಟ್ಟೆಯ ಮೇಲೆ ಗೆರೆ ಎಳೆದು, ಮೇಜಿಗೆ ಬಿತ್ತು. ಇನ್ನೊಂದು ಬಿತ್ತು. ಹತ್ತು ಹನ್ನೆರಡು ಹನಿ ಬಿದ್ದು ನಿಂತಿತು.

ಹಿರಿಯರು ಒಂದು ಚಿಟಿಕೆ ಒದ್ದೆ ಹಿಟ್ಟನ್ನು ತೆಗೆದು ನಾಲಿಗೆಯ ತುದಿಗೆ ಮುಟ್ಟಿಸಿಕೊಂಡರು.

"ಉಪ್ಪು," ಅಂದರು.

ಕಂಡಿಗೆ ಮತ್ತೊಮ್ಮೆ ಕಿವಿಯಿಟ್ಟರು. ಈ ಸಲ ಬೇಗ ಎದ್ದರು. ಹೆಗಲ ಮೇಲಿನ ಟವೆಲ್ಲನ್ನು ಮೇಜಿನ ಮೇಲೆ ಹರಡಿ, ಆ ಹಿಟ್ಟನ್ನು ಒಂದು ಚೂರೂ ಬಿಡದೆ ಅಂಗೈಯಲ್ಲಿ ಗುಡಿಸಿ ಅದಕ್ಕೆ ಹಾಕಿ ಗಂಟು ಕಟ್ಟಿದರು. ನಯನಾ ಊಟ ಮಾಡಿಕೊಂಡು ಹೋಗಿ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಮನೆಯಲ್ಲಿ ಹೆಂಡತಿ ಕಾಯುತ್ತಿದ್ದಾಳೆ, ಸಂಜೆಯ ರೈಲು ಸಿಗಬೇಕು ಅಂದರು. ಚಾಚಾ ಅವರನ್ನು ಸ್ಟೇಷನ್ನಿಗೆ ಬಿಡಲು ಸ್ಕೂಟರು ತೆಗೆದರು. ಹಿರಿಯರು ಹಿಂದೆ ಕೂತು, ಗಂಟನ್ನು ಮಗುವನ್ನು ಹಿಡಿದ ಹಾಗೆ ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದುಕೊಂಡಿದ್ದರು. ಟವೆಲ್ಲಿನ ಅಡಿ ಆಗಲೇ ಒದ್ದೆಯಾಗಿತ್ತು.